ಕಡಲಿಗೆ ಬೆನ್ನು ಹಾಕಿದ ಕುರ್ಚಿ

ಶರಣರೇ, ತಾಯಂದಿರೇ, ನಿನ್ನೆಯ ಪ್ರವಚನದಲ್ಲಿ ನಾವು ನೋಟದ ವಿಚಾರಕ್ಕೆ ಬಂದು ಮಾತು ನಿಲ್ಲಿಸಿದ್ದೆವು. ಕಣ್ಣು ಎಲ್ಲರಿಗೂ ಇದೆ, ನೋಡುವವರು ಎಷ್ಟು ಮಂದಿ? ಇದಕ್ಕೆ ಶಾಸ್ತ್ರದ ಉತ್ತರ ಹೇಳಲು ಹೊರಟರೆ ಆ ಕಂಬದ ಹತ್ತಿರ ಕುಳಿತವರು ತೂಕಡಿಸುತ್ತಾರೆ, ನನಗೆ ಗೊತ್ತು. ಅದಕ್ಕೇ ಇವತ್ತು ಒಂದು ಕಥೆ ಹೇಳುತ್ತೇನೆ. ಮೈಕಿನವನೇ, ಧ್ವನಿ ಸ್ವಲ್ಪ ತಗ್ಗಿಸಪ್ಪ. ಇದು ಗಟ್ಟಿಯಾಗಿ ಹೇಳುವ ಕಥೆಯಲ್ಲ.

ಸಮುದ್ರದಿಂದ ಬಹಳ ದೂರದ ಒಂದು ಊರು. ಎಷ್ಟು ದೂರ ಅಂದರೆ, ಆ ಊರಿನ ಮಟ್ಟಿಗೆ ಸಮುದ್ರ ಅನ್ನುವುದು ಶಾಲೆಯ ಪುಸ್ತಕದಲ್ಲಿ ಮಾತ್ರ ಇತ್ತು. ಆ ಊರಿಗೊಬ್ಬ ಸಾಹುಕಾರ. ಹೆಸರು ಗುರುಪಾದಪ್ಪ ಅಂತ ಇಟ್ಟುಕೊಳ್ಳಿ. ತೊಗರಿಬೇಳೆ ಮಿಲ್ಲಿನ ಒಡೆಯ. ಅಪ್ಪ ಮಾಡಿಟ್ಟ ಮಿಲ್ಲು, ಇವನು ಬೆಳೆಸಿದ ಮಿಲ್ಲು. ಮಿಲ್ಲಿಗೂ ಮನೆಗೂ ನಡುವೆ ಒಂದೇ ಒಂದು ಗೋಡೆ. ಬೆಳಗಾದರೆ ಪಟ್ಟಾ ತಿರುಗಬೇಕು, ಚಕ್ರ ಉರುಳಬೇಕು, ತೊಗರಿ ಒಡೆಯಬೇಕು. ಗೋಡೆ ನಡುಗುತ್ತಿತ್ತು. ಗೋಡೆಯ ಮಾಡದಲ್ಲಿಟ್ಟ ಹಿತ್ತಾಳೆಯ ತಂಬಿಗೆ ತನ್ನಷ್ಟಕ್ಕೆ ತಾನೇ ಗುನುಗುತ್ತಿತ್ತು. ಆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ಎಲ್ಲರೂ ಕೂಗುತ್ತಿದ್ದರು. ನೀರು ಬೇಕಾದರೆ ಕೂಗು, ಊಟಕ್ಕೆ ಕರೆಯಲು ಕೂಗು. ಗಂಡ ಹೆಂಡತಿಯನ್ನು ಮುದ್ದಿನಿಂದ ಕರೆದರೂ ಕೂಗೇ. ಜಗಳವೋ ಪ್ರೀತಿಯೋ ಬೀದಿಯಲ್ಲಿ ಹೋಗುವವರಿಗೆ ತಿಳಿಯುತ್ತಿರಲಿಲ್ಲ.

ಹೆಂಡತಿಯ ಹೆಸರು ಮಹಾನಂದಾ. ಮದುವೆಯಾಗಿ ಆ ಮನೆಗೆ ಬಂದ ದಿನದಿಂದ ಆ ಗೋಡೆಯ ಪಕ್ಕದಲ್ಲೇ ರೊಟ್ಟಿ ತಟ್ಟಿದವಳು. ಒಬ್ಬಳೇ ಮಗಳನ್ನು ಬೆಳೆಸಿ, ಮದುವೆ ಮಾಡಿಕೊಟ್ಟಳು. ಬಂದವರಿಗೆಲ್ಲ ಉಣಿಸಿದಳು. ಅವಳ ಬಾಯಲ್ಲಿ ಹೆಚ್ಚು ಮಾತಿಲ್ಲ ಅಂತ ಊರೇ ಹೊಗಳುತ್ತಿತ್ತು. ನೋಡಿ, ಹೆಣ್ಣುಮಗಳು ಮಾತಾಡದಿದ್ದರೆ ಊರು ಹೊಗಳುತ್ತದೆ. ಯಾಕೆ ಮಾತಾಡುತ್ತಿಲ್ಲ ಅಂತ ಕೇಳುವುದಿಲ್ಲ.

ಈ ಗುರುಪಾದಪ್ಪನಿಗೆ ಒಂದು ಕನಸು ಬೀಳುತ್ತಿತ್ತು. ಕಣ್ಣು ಮುಚ್ಚಿದರೆ ಮಿಲ್ಲಿನ ಅಂಗಳದಲ್ಲಿ ಸುರಿದ ತೊಗರಿಯ ರಾಶಿ ಕಾಣುತ್ತಿತ್ತು. ನೋಡುತ್ತಿದ್ದಂತೆ ಆ ರಾಶಿ ಮೆಲ್ಲಗೆ ನೀಲಿಯಾಗುತ್ತಿತ್ತು. ನೀಲಿಯಾಗಿ, ಹರಡಿ, ಉಸಿರಾಡುವ ಹೊಟ್ಟೆಯ ಹಾಗೆ ಏರಿ ಇಳಿಯುತ್ತಿತ್ತು. ಅಂಗಳದ ಗೋಡೆಗಳು ಕರಗಿಹೋಗುತ್ತಿದ್ದವು. ಎಲ್ಲಿ ನೋಡಿದರೂ ನೀರು, ನೀರಿನಾಚೆ ಬೆಳಕು. ಆ ಬೆಳಕಿನ ಕಡೆಗೆ ಮುಖ ಮಾಡಿ ಅವನು ಸುಮ್ಮನೆ ಕುಳಿತಿರುತ್ತಿದ್ದ. ಪಕ್ಕದಲ್ಲಿ ಇನ್ನೊಬ್ಬರು ಕುಳಿತಂತೆ ಅನ್ನಿಸುತ್ತಿತ್ತು. ಯಾರು ಅಂತ ತಿರುಗಿ ನೋಡುವಷ್ಟರಲ್ಲಿ ಎಚ್ಚರವಾಗುತ್ತಿತ್ತು.

ವಯಸ್ಸಾಯಿತು. ಮಿಲ್ಲನ್ನು ತಮ್ಮನ ಮಗ ನೋಡಿಕೊಳ್ಳುವಂತಾಯಿತು. ಒಂದು ದಿನ ಗುರುಪಾದಪ್ಪ ನಿಶ್ಚಯ ಮಾಡಿದ. ಹೆಂಡತಿಯನ್ನು ಕರೆದುಕೊಂಡು ಸಮುದ್ರ ನೋಡಬೇಕು. ಯಾವುದೋ ಊರ ದಂಡೆಯ ಸಮುದ್ರವಲ್ಲ, ನಾಲ್ಕೂ ಕಡೆ ಸಮುದ್ರವಿರುವ ದ್ವೀಪಕ್ಕೇ ಹೋಗಬೇಕು. ಅಲ್ಲಿ ಅಲೆಯ ಎದುರು ಕುಳಿತು ಅವಳನ್ನು ಒಂದು ಮಾತು ಕೇಳಬೇಕು. ಆ ಮಾತು ಅವನ ಎದೆಯಲ್ಲಿ ಬಹಳ ವರ್ಷಗಳಿಂದ ಇತ್ತು. ಮಿಲ್ಲಿನ ಸದ್ದಿನಲ್ಲಿ ಕೂಗಿ ಕೇಳುವಂಥ ಮಾತಲ್ಲ ಅದು.

ಪೇಟೆಯಲ್ಲಿ ಟ್ರಾವೆಲ್ಸ್ ಅಂಗಡಿ ಇಟ್ಟಿದ್ದ ಖಾಜಾಸಾಬರ ಹತ್ತಿರ ಹೋದ. ಖಾಜಾಸಾಬರು ಕಂಪ್ಯೂಟರಿನಲ್ಲಿ ಹೋಟೆಲುಗಳ ಚಿತ್ರ ತೋರಿಸಿದರು.

"ಇದು ನೋಡ್ರಿ ಸಾಹುಕಾರ್ರ, ಭಾಳ ಚಲೋ ಹೋಟೆಲ್. ಹಿಂದ ತ್ವಾಟ ಅದ. ಕಿಡಕಿ ತೆರದ್ರ ಹೂವಿನ ಗಿಡ, ಪಕ್ಷಿ..."

"ಹೂವಿನ ಗಿಡ ನೋಡ್ಲಾಕ ಅಲ್ಲಿತನಕ ಯಾಕ ಹೋಗ್ಬೇಕು? ನನಗ ಸಮುದ್ರ ಬೇಕು."

"ಹಂಗಾದ್ರ ಇದು. ಇದರಾಗ ಸಮುದ್ರ ಕಾಣ್ತದ."

"ಎಲ್ಲದ?"

"ಬಾಲ್ಕನ್ಯಾಗ ನಿಂತು, ಹಿಂಗ ಎಡಕ್ಕ ಬಗ್ಗಿ ನೋಡಿದ್ರ ಕಾಣ್ತದ್ರಿ."

"ಬಗ್ಗಿ ನೋಡೂದಾದ್ರ ನಾ ಮನ್ಯಾಗೇ ಇರ್ತೀನಿ. ಕಣ್ಣು ತೆರದ್ರ ಸಮುದ್ರ ಇರಬೇಕು. ಹಾಸಿಗ್ಯಾಗ ಬಿದ್ಕೊಂಡ್ರೂ ಇರಬೇಕು. ಮಾರಿ ತೊಳ್ಕೊಳ್ಳಾಗ ಕನ್ನಡ್ಯಾಗೂ ಸಮುದ್ರಾನೇ ಇರಬೇಕು. ತಿಳೀತಿಲ್ಲೋ?"

ತಿಳಿಯಿತು. ಖಾಜಾಸಾಬರಿಗೆ ಚೆನ್ನಾಗಿಯೇ ತಿಳಿಯಿತು. ದಿನಾ ಬಂದು ಕೂತ ಈ ಮನುಷ್ಯ. ಒಂದು ಹೋಟೆಲಿನ ಮುಂದೆ ತೆಂಗಿನ ಮರ ಅಡ್ಡ ಬರುತ್ತದೆ ಅಂತ ಬೇಡ ಅಂದ. ಇನ್ನೊಂದರಲ್ಲಿ ಬಾಲ್ಕನಿಯ ಕಟಾಂಜನ ಎತ್ತರವಾಯಿತು, ಕುರ್ಚಿಯಲ್ಲಿ ಕೂತರೆ ದಂಡೆ ಕಾಣುವುದಿಲ್ಲ ಅಂದ. ಮತ್ತೊಂದರಲ್ಲಿ ಸಮುದ್ರ ರಸ್ತೆಯಾಚೆಗಿತ್ತು. ನನಗೂ ಅಲೆಗೂ ನಡುವೆ ರಸ್ತೆ ಬೇಡ ಅಂದ. ಹೋಟೆಲಿಗೇ ಫೋನ್ ಹಚ್ಚಿಸಿ ಕೇಳಿದ: ಸೂರ್ಯ ಯಾವ ಕಡೆ ಏಳುತ್ತಾನೆ? ಅಲೆಯ ಸದ್ದು ಕೋಣೆಯೊಳಗೆ ಬರುತ್ತದೋ ಇಲ್ಲವೋ? ಸಮುದ್ರ ಉಬ್ಬಿ ಭರತ ಬಂದಾಗ ನೀರು ಎಲ್ಲಿತನಕ ಏರುತ್ತದೆ?

ಕೊನೆಗೆ ಒಂದು ಕೋಣೆ ಸಿಕ್ಕಿತು. ಮೂಲೆಯ ಕೋಣೆ. ಎರಡು ಕಡೆ ಗಾಜಿನ ಗೋಡೆ. ಬಾಲ್ಕನಿಯ ಕೆಳಗೆ ಮರಳು, ಮರಳು ಮುಗಿದಲ್ಲಿ ನೀರು. ಅಲೆಯ ಸದ್ದು ಹಗಲೂ ಇರುಳೂ ಕೋಣೆ ತುಂಬಿರುತ್ತದೆ ಅಂತ ಹೋಟೆಲಿನವರು ಹೇಳಿದರು. ಗುರುಪಾದಪ್ಪ ಮಗುವಿನಂತೆ ಹಿಗ್ಗಿದ. ಫೋನಿನಲ್ಲಿ ಆ ಕೋಣೆಯ ಚಿತ್ರ ತುಂಬಿಸಿಕೊಂಡು ಮನೆಗೆ ಓಡಿದ. ಅಡುಗೆಮನೆಯ ಬಾಗಿಲಲ್ಲಿ ನಿಂತು ಕೂಗಿದ.

"ಏ ಮಹಾನಂದಾ! ನೋಡು, ಹ್ಯಾಂಗದ? ನಿನಗ ಹಿಡಸ್ತೋ ಇಲ್ಲೋ?"

ಅವಳು ಒಲೆಯ ಮುಂದಿದ್ದಳು. ಬೆನ್ನು ಇತ್ತ ಇತ್ತು. ತಿರುಗಿ ಅವನ ಕೈಯಲ್ಲಿದ್ದ ಫೋನು ನೋಡಿದಳು, ಮುಖ ನೋಡಿದಳು, ನಕ್ಕಳು. "ಹೂಂ. ಚಲೋ ಅದ್ರಿ."

ಮುಗಿಯಿತು. ನೋಡಿ, ಸೂರ್ಯನ ಬಗ್ಗೆ ಕೇಳಿದ, ಅಲೆಯ ಬಗ್ಗೆ ಕೇಳಿದ, ಕಟಾಂಜನದ ಎತ್ತರ ಕೇಳಿದ. ಯಾರ ಜೊತೆ ಆ ಕೋಣೆಯಲ್ಲಿ ಇರಬೇಕೋ ಅವಳನ್ನು ಬಾಗಿಲಲ್ಲಿ ನಿಂತು ಒಂದು ಸಲ ಕೂಗಿ ಕೇಳಿದ. 'ಹೂಂ' ಅಂದಳು, ಸಾಕು. ನಮಗೂ ಅಷ್ಟೇ ಸಾಕಲ್ಲವೇ? ಮನೆಯಲ್ಲಿ ಯಾರಾದರೂ 'ಹೂಂ' ಅಂದರೆ ನಮ್ಮ ಕೆಲಸ ಮುಗಿಯಿತು. ಆ 'ಹೂಂ' ಒಳಗೆ ಏನಿತ್ತು ಅಂತ ಯಾರು ನೋಡುತ್ತಾರೆ?

ಹೋದರು. ವಿಮಾನದಲ್ಲಿ ಹೋದರು, ಅಲ್ಲಿಂದ ದೋಣಿಯಲ್ಲಿ ಹೋದರು. ಆ ದ್ವೀಪವನ್ನು ನಾನೇನು ವರ್ಣಿಸಲಿ? ಗಾಳಿಗೇ ಒಂದು ಮೆತ್ತನೆಯ ಮೈ ಇತ್ತು. ನೀರು ದಂಡೆಯ ಹತ್ತಿರ ಎಳೆಯ ಹಸಿರು, ಸ್ವಲ್ಪ ಆಚೆ ನೀಲಿ, ಅದರಾಚೆ ಹೆಸರಿಲ್ಲದ ಬಣ್ಣ. ಮೋಡದ ನೆರಳು ನೀರಿನ ಮೇಲೆ ದನ ಮೇಯುವಷ್ಟು ನಿಧಾನವಾಗಿ ಸಾಗುತ್ತಿತ್ತು. ಕೋಣೆಯ ಬಾಗಿಲು ತೆರೆದರೆ ಎದುರಿಗೆ ನೆಲವೇ ಇಲ್ಲ, ಎಲ್ಲ ಬೆಳಕು. ಗುರುಪಾದಪ್ಪ ಪೆಟ್ಟಿಗೆ ಕೆಳಗಿಡುವುದನ್ನೇ ಮರೆತು ನಿಂತ. ತನ್ನ ಕನಸಿನೊಳಗೆ ಚಪ್ಪಲಿ ಹಾಕಿಕೊಂಡೇ ಕಾಲಿಟ್ಟೆನೇನೋ ಅನ್ನಿಸಿ, ಚಪ್ಪಲಿ ಬಿಟ್ಟ.

ಬಾಲ್ಕನಿಯಲ್ಲಿ ಎರಡು ಬೆತ್ತದ ಕುರ್ಚಿಗಳು. ಎರಡೂ ಸಮುದ್ರಕ್ಕೆ ಮುಖ ಮಾಡಿದ್ದವು. ಸಂಜೆ ಇಬ್ಬರೂ ಕುಳಿತರು. ಸೂರ್ಯ ನೀರಿಗೆ ಹತ್ತಿರ ಬಂದಿದ್ದ. ಅಲೆ ಬಂದು ಮರಳ ಮೇಲೆ ಒರಗಿ, ನಿಟ್ಟುಸಿರಿಟ್ಟು ಹಿಂದೆ ಸರಿಯುತ್ತಿತ್ತು. ಗುರುಪಾದಪ್ಪ ಆ ನೀರನ್ನೇ ನೋಡುತ್ತಾ, ಜೀವಮಾನದಲ್ಲಿ ಮೊದಲ ಸಲ, ಮೆತ್ತಗಿನ ಧ್ವನಿಯಲ್ಲಿ ಮಾತಾಡಿದ. ಕೂಗಲಿಲ್ಲ. ಮಾತಾಡಿದ.

"ಮಹಾನಂದಾ, ಒಂದು ಮಾತು ಕೇಳ್ತೀನಿ. ನನ್ನ ಜೋಡಿ ಬಾಳೇವು ಮಾಡಿ ನೀ ಸುಖಾ ಆದೇನು?"

ಅಲೆ ಬಂತು. ಅಲೆ ಹೋಯಿತು. ಅವನು ಕಾದ. ಮಹಾನಂದಾ ಸೆರಗು ಹೊದ್ದುಕೊಂಡಳು.

"ಗಾಳಿ ಭಾಳ ಅದ್ರಿ. ಒಳಗ ಹೋಗೋಣೇನು?"

ಎದ್ದು ಒಳಗೆ ಹೋದಳು.

ತಾಯಂದಿರೇ, ಆ ಮನುಷ್ಯನ ಎದೆಯಲ್ಲಿ ಆಗ ಏನಾಗಿರಬೇಕು? ಇಷ್ಟು ವರ್ಷ ಇಟ್ಟುಕೊಂಡ ಮಾತು. ಇಷ್ಟು ದೂರ ಹೊತ್ತು ತಂದ ಮಾತು. ಅದಕ್ಕೆ ಬಂದ ಉತ್ತರ, ಗಾಳಿ ಭಾಳ ಅದ. ಸುಖಪಡಲಿಲ್ಲ ಅಂತ ಬಾಯಿ ಬಿಟ್ಟು ಹೇಳಿದ್ದರೂ ಅಷ್ಟು ನೋಯುತ್ತಿರಲಿಲ್ಲವೇನೋ. ಅವನು ಕತ್ತಲಾಗುವತನಕ ಅಲ್ಲೇ ಕುಳಿತಿದ್ದ. ಸಮುದ್ರ ಅವನ ಕಣ್ಣೆದುರಿಗೇ ಇತ್ತು. ಒಂದು ಹನಿಯೂ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಅವನು ಸ್ನಾನ ಮುಗಿಸಿ ಬಂದರೆ ಬಾಲ್ಕನಿಯಲ್ಲಿ ಒಂದು ಕುರ್ಚಿ ತಿರುಗಿತ್ತು. ಮಹಾನಂದಾ ಸಮುದ್ರಕ್ಕೆ ಬೆನ್ನು ಹಾಕಿ, ಕೋಣೆಯ ಕಡೆ ಮುಖ ಮಾಡಿ ಕುಳಿತಿದ್ದಳು.

"ಇದೇನಿದು?"

"ಬಿಸಿಲು ಕಣ್ಣಿಗಿ ಬಡೀತದ್ರಿ."

"ಸೂರ್ಯ ಹಿಂದಿನ ಕಡೆ ಹುಟ್ಯಾನ! ಇಲ್ಲೆಲ್ಲದ ಬಿಸಿಲು?"

ಅವಳು ನಕ್ಕಳು, ಅಷ್ಟೇ. ಅವನು ಬಂದು ಕುರ್ಚಿಯನ್ನು ಮತ್ತೆ ಸಮುದ್ರದ ಕಡೆ ತಿರುಗಿಸಿದ. ಅವಳು ಸುಮ್ಮನೆ ಕುಳಿತಳು. ಚಹಾ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಕುರ್ಚಿ ಮತ್ತೆ ತಿರುಗಿತ್ತು. ಮತ್ತೆ ಇವನು ಅತ್ತ ತಿರುಗಿಸಿದ. ಮಧ್ಯಾಹ್ನ ಮತ್ತೆ ಇತ್ತ. ನೋಡಿ, ಇಡೀ ಲೋಕ ಎದುರು ನೋಡುವ ಆ ಕಡಲಿನ ಮುಂದೆ ಗಂಡ ಹೆಂಡತಿ ಒಂದು ಕುರ್ಚಿಯನ್ನು ಅತ್ತಿತ್ತ ತಿರುಗಿಸುತ್ತಾ ದಿನ ಕಳೆದರು. ನಗುತ್ತೀರಿ. ನಿಮ್ಮ ಮನೆಯ ಕುರ್ಚಿ ಯಾವುದು ಅಂತ ನಿಮಗೇ ಗೊತ್ತು, ನಾನು ಕೇಳುವುದಿಲ್ಲ.

ಕೊನೆಗೆ ಗುರುಪಾದಪ್ಪನ ಸಿಟ್ಟು ಹೊರಬಿತ್ತು. "ಇಂಥಾ ಸಮುದ್ರ ಹುಡುಕಿ ತಂದು ಮುಂದಿಟ್ರ ಅದಕ್ಕ ಬೆನ್ನು ಹಾಕಿ ಕುಂದರ್ತೀಯಲ್ಲ! ನಿನಗ ಸಮುದ್ರಾನೂ ಬ್ಯಾಡ, ನಾನೂ ಬ್ಯಾಡ. ಹೌದಿಲ್ಲೋ?"

ಅವನು ಬಾಗಿಲ ಕಡೆ ಹೊರಳಿ, ಅವಳಿಗೆ ಬೆನ್ನು ತೋರಿಸಿಯೇ ಈ ಮಾತು ಅಂದಿದ್ದ. ಹಿಂದಿನಿಂದ ಮಹಾನಂದಾ ಮೆಲ್ಲಗೆ, "ಹೂಂ," ಅಂದಳು.

ಹೂಂ! ನಾನೂ ಬೇಡವೇ ಅಂತ ಕೇಳಿದರೆ ಹೂಂ!

ಅವನು ಬಾಗಿಲು ಬಡಿದು ಹೊರಗೆ ಬಂದ. ಹೋಟೆಲಿನ ಮ್ಯಾನೇಜರಮ್ಮನ ಮುಂದೆ ಹೋಗಿ ನಿಂತ. ಏನು ಕೇಳಿದ ಗೊತ್ತೇ? "ಇದಕ್ಕಿಂತ ಚಲೋ ಸಮುದ್ರ ಕಾಣೋ ರೂಮ್ ಅದ ಏನ್ರಿ?"

ನೋಡಿ, ನೋಡಿ ಮನುಷ್ಯನ ಬುದ್ಧಿ! ಹೆಂಡತಿ ನಿನ್ನ ಮಾತಿಗೆ ಉತ್ತರ ಕೊಡಲಿಲ್ಲ ಅಂದರೆ ಕೋಣೆ ಬದಲಿಸುತ್ತೀಯಾ? ಆದರೆ ನಾವೂ ಅದನ್ನೇ ಮಾಡುವವರು. ಮನೆಯಲ್ಲಿ ಮನಸ್ಸು ಕೂಡದಿದ್ದರೆ ಸೋಫಾ ಬದಲಿಸುತ್ತೇವೆ. ಬಣ್ಣ ಹೊಡೆಸುತ್ತೇವೆ. ದೊಡ್ಡ ಟಿ.ವಿ. ತರುತ್ತೇವೆ.

ಮ್ಯಾನೇಜರಮ್ಮ ಒಳ್ಳೆಯವಳು. ಮೇಲಿನ ಮಹಡಿಯಲ್ಲಿ ಒಂದು ಕೋಣೆ ಖಾಲಿ ಇತ್ತು. ಕರೆದುಕೊಂಡು ಹೋಗಿ ಬಾಲ್ಕನಿಯ ಬಾಗಿಲು ತೆರೆದಳು. ಅಲ್ಲಿಂದ ದ್ವೀಪದ ದಂಡೆ ಬಿಲ್ಲಿನಂತೆ ಬಾಗಿ ಹೋಗಿದ್ದು ಕಾಣುತ್ತಿತ್ತು. ದೂರದ ದೋಣಿಗಳು ನಿದ್ದೆಯಲ್ಲಿ ತೇಲುತ್ತಿರುವಂತಿದ್ದವು. ಅವನು ಕಟಾಂಜನ ಹಿಡಿದು ನಿಂತು ನೋಡಿದ. ಹೌದು, ಇಲ್ಲಿಂದ ಸಮುದ್ರ ಇನ್ನೂ ದೊಡ್ಡದು. ಹಾಗೇ ಕಣ್ಣು ಕೆಳಗಿಳಿಯಿತು. ಮರಳ ಮೇಲೆ ಒಂದು ಹಸಿರು ಸೀರೆ.

ಮಹಾನಂದಾ ಕೆಳಗಿಳಿದು ಬಂದಿದ್ದಳು. ಒಬ್ಬಳೇ, ಚಪ್ಪಲಿ ಕೈಯಲ್ಲಿ ಹಿಡಿದು, ತೆಂಗಿನ ಮರಗಳ ಸಾಲಿನ ಕೆಳಗೆ ನಡೆಯುತ್ತಿದ್ದಳು. ಮೇಲಿನಿಂದ ನೋಡಿದರೆ ಬಹಳ ಚಿಕ್ಕವಳಾಗಿ ಕಾಣುತ್ತಿದ್ದಳು. ಇವಳು ಹೀಗೆ ಒಬ್ಬಳೇ ನಡೆಯುವುದನ್ನು ನಾನು ಎಂದಾದರೂ ನೋಡಿದ್ದೇನೆಯೇ ಅಂತ ಅವನಿಗೆ ಅನ್ನಿಸಿತು. ಹೆಜ್ಜೆ ಎಷ್ಟು ಮೆಲ್ಲಗೆ ಇಡುತ್ತಾಳೆ! ನೆಲವನ್ನು ಕೇಳಿ ಕೇಳಿ ಇಡುವ ಹಾಗೆ.

ಅದೇ ಹೊತ್ತಿಗೆ ಸಾಲಿನ ಒಂದು ಮರದ ಮೇಲೆ ಒಬ್ಬ ಆಳು ಹತ್ತಿ ಕಾಯಿ ಇಳಿಸುತ್ತಿದ್ದ. ಕೆಳಗೆ ಇನ್ನೊಬ್ಬ ನಿಂತು ಬರುವವರಿಗೆ ಕೂಗಿ ಹೇಳುತ್ತಿದ್ದ. ಅವನು ಮಹಾನಂದಾಳನ್ನು ಕಂಡು ಕೂಗಿದ. ಅವಳು ನಡೆಯುತ್ತಲೇ ಇದ್ದಳು. ಮತ್ತೆ ಕೂಗಿದ, ಕೈ ತಟ್ಟಿದ. ದೂರದಲ್ಲಿ ಆಡುತ್ತಿದ್ದವರೂ ತಿರುಗಿ ನೋಡಿದರು. ಅವಳು ಮಾತ್ರ ತಿರುಗಲಿಲ್ಲ. ಮೇಲೆ ಗೊನೆಗೆ ಕತ್ತಿ ಬಿದ್ದಾಗಿತ್ತು.

ಗುರುಪಾದಪ್ಪ ಮಹಡಿಯ ಮೇಲಿಂದ ಅರಚಿದ. ಮಿಲ್ಲಿನ ಗದ್ದಲವನ್ನು ಸೀಳಿಕೊಂಡು ಹೋಗುತ್ತಿದ್ದ ಧ್ವನಿ ಅದು. "ಮಹಾನಂದಾ! ಸರೀ! ಹಿಂದಕ್ಕ ಸರೀ!"

ಅವಳು ತಲೆಯನ್ನೂ ಎತ್ತಲಿಲ್ಲ.

ಕಾಯಿ ಬಿತ್ತು. ಅವಳ ಪಕ್ಕದ ಮರಳಲ್ಲಿ ಹೂತುಹೋಯಿತು. ಒಂದು ಹೆಜ್ಜೆ ಇತ್ತ ಇದ್ದಿದ್ದರೆ ನಾನು ಈ ಕಥೆಯನ್ನು ಬೇರೆ ಥರ ಹೇಳಬೇಕಾಗುತ್ತಿತ್ತು. ನೆಲ ನಡುಗಿದ್ದು ಪಾದಕ್ಕೆ ತಿಳಿದು ಅವಳು ಬೆಚ್ಚಿ ತಿರುಗಿದಳು. ಕಾಯಿ ನೋಡಿದಳು. ಮೇಲೆ ನೋಡಿದಳು. ಮಹಡಿಯ ಮೇಲೆ ಕೈ ಬೀಸುತ್ತಾ ಬಾಯಿ ತೆರೆದು ನಿಂತ ಗಂಡ ಕಂಡ. ತನ್ನನ್ನು ಕಂಡು ಸಂತೋಷದಿಂದ ಕೈ ಬೀಸುತ್ತಿದ್ದಾನೆ ಅಂದುಕೊಂಡಳೋ ಏನೋ, ಅವಳೂ ಕೈ ಎತ್ತಿ ಬೀಸಿದಳು.

ಅವನು ಮೆಟ್ಟಿಲುಗಳನ್ನು ಹೇಗೆ ಇಳಿದನೋ ಅವನಿಗೇ ಗೊತ್ತಿಲ್ಲ. ಬರಿಗಾಲಲ್ಲಿ ಮರಳಿನಲ್ಲಿ ಓಡಿದ. ಹೋಗಿ ಅವಳ ಎರಡೂ ಭುಜ ಹಿಡಿದ.

"ಯಾಕ ಓಡಿ ಬಂದ್ರಿ? ಮರಳು ಎಷ್ಟ ಕಾದದ, ಕಾಲು ಸುಡೂದಿಲ್ಲೇನು?"

"ಅಷ್ಟು ಒದರಿದ್ನಲ್ಲ! ಕೇಳಲಿಲ್ಲೇನು?"

ಅವಳು ಅವನ ಮುಖ ನೋಡುತ್ತಿದ್ದಳು. ಆಗ ಅವನಿಗೆ ಕಂಡಿತು. ಅವಳ ಕಣ್ಣು ಅವನ ಕಣ್ಣಿನ ಮೇಲೆ ಇರಲಿಲ್ಲ. ಸ್ವಲ್ಪ ಕೆಳಗಿತ್ತು. ತುಟಿಗಳ ಮೇಲಿತ್ತು. ಒಂದು ಅಕ್ಷರವೂ ಬಿದ್ದುಹೋಗಬಾರದು ಅನ್ನುವ ಹಾಗೆ ತುಟಿಗಳನ್ನೇ ಹಿಡಿದು ನೋಡುತ್ತಿದ್ದಳು. ಅವನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಮುಖ ಆಚೆ ತಿರುಗಿಸಿದ. ಹಾಗೇ ತಿರುಗಿ ನಿಂತೇ ಕೇಳಿದ, "ನಿನಗ ಕಿವಿ ಕೇಳೂದಿಲ್ಲೇನು?"

ಉತ್ತರವಿಲ್ಲ.

ಮುಖ ಇತ್ತ ತಿರುಗಿಸಿ ಮತ್ತೆ ಅದೇ ಮಾತು ಕೇಳಿದ. ಅವಳ ಮುಖ ಇಳಿಯಿತು. ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ತಲೆ ಬಗ್ಗಿಸಿದಳು.

"ಒಂದೀಟು ಕೇಳ್ತದ್ರಿ. ಮನ್ಯಾಗ ನೀವು ಜೋರ ಮಾತಾಡ್ತೀರಿ, ಮಾರಿ ನೋಡಿ ತಿಳ್ಕೊಂತೀನಿ. ಇಲ್ಲಿ ಈ ಸಮುದ್ರದ ಸಪ್ಪಳದಾಗ ಕಿವಿಗಿ ಏನೂ ಹತ್ತೂದಿಲ್ಲ."

"ಎಂದಿನಿಂದ?"

"ಭಾಳ ವರ್ಷ ಆತ್ರಿ."

"ನನಗ್ಯಾಕ ಹೇಳಲಿಲ್ಲ?"

ಮಹಾನಂದಾ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. "ಮೊದಲೇ ನೀವು ನನ್ನ ಜೋಡಿ ಕಡಿಮಿ ಮಾತಾಡ್ತೀರಿ. ಕಿವುಡಿ ಅಂತ ಗೊತ್ತಾದ್ರ ಅಷ್ಟೂ ಬಿಟ್ಟಗಿಟ್ಟೀರಿ ಅಂತ ಅಂಜಿದೆ."

ಶರಣರೇ, ಈ ಮಾತನ್ನು ನಾನು ಇನ್ನೊಂದು ಸಲ ಹೇಳುತ್ತೇನೆ. ಕಡಿಮೆ ಮಾತಾಡುತ್ತೀರಿ, ಅಷ್ಟೂ ಬಿಟ್ಟುಬಿಟ್ಟೀರಿ ಅಂತ ಅಂಜಿದೆ. ಕೇಳುವುದಿಲ್ಲ ಅನ್ನುವ ದುಃಖಕ್ಕಿಂತ, ನನ್ನ ಜೊತೆ ಮಾತು ನಿಂತೀತು ಅನ್ನುವ ಅಂಜಿಕೆ ದೊಡ್ಡದಾಗಿತ್ತು ಆ ತಾಯಿಗೆ. ಅದಕ್ಕಾಗಿ ವರ್ಷಗಟ್ಟಲೆ 'ಹೂಂ' ಅಂದುಕೊಂಡು ಬಂದಳು. ಮಿಲ್ಲಿನ ಗೋಡೆಯ ಪಕ್ಕ ಎಲ್ಲರೂ ಕೂಗುವ ಮನೆಯಲ್ಲಿ ಅದು ಯಾರಿಗೂ ತಿಳಿಯಲಿಲ್ಲ.

"ಅದಕ್ಕ ಕುರ್ಚಿ ಹೊಳ್ಳಿಸಿದಿ?"

"ಹೂಂ. ಇಬ್ಬರೂ ಸಮುದ್ರ ನೋಡಿಕೋತ ಕುಂತ್ರ ನಿಮ್ಮ ಬಾಯಿ ಕಾಣೂದಿಲ್ಲ. ನಿನ್ನೆ ಸಂಜೀಕ ಏನೋ ಅಂದ್ರಿ. ಭಾಳ ಮೆತ್ತಗ ಅಂದ್ರಿ, ಅಷ್ಟು ಕಂಡಿತು. ಏನಂದ್ರೋ ತಿಳೀಲಿಲ್ಲ. ಮತ್ತೊಮ್ಮಿ ಅಂದ್ರ ತಪ್ಪಿಸಿಕೋಬಾರದು ಅಂತ ಹೊಳ್ಳಿ ಕುಂತೆ."

ಅವನು ಅವಳ ಕೈ ಹಿಡಿದುಕೊಂಡು ಕೋಣೆಗೆ ಬಂದ. ಆ ಊರ ಕಡೆ ಗಂಡ ಹೆಂಡತಿಯ ಕೈ ಹಿಡಿದು ನಾಲ್ಕು ಜನರ ಮುಂದೆ ನಡೆಯುವುದುಂಟೇ? ನಡೆದ. ಮೆಟ್ಟಿಲ ಹತ್ತಿರ ಮ್ಯಾನೇಜರಮ್ಮ ಎದುರಾಗಿ, ಮೇಲಿನ ಕೋಣೆ ಬೇಕೋ ಹೇಗೆ ಅಂತ ಕೇಳಿದಳು. ಬೇಡ ಅಂತ ಕೈಯಾಡಿಸಿದ. ಕೋಣೆಗೆ ಬಂದವನೇ ಆ ಬೆತ್ತದ ಕುರ್ಚಿಗಳನ್ನು ಒಳಗೆ ತಂದ. ಗಾಜಿನ ಬಾಗಿಲು ಎಳೆದು ಮುಚ್ಚಿದ. ಸದ್ದು ನಿಂತಿತು. ಆಚೆ ಸಮುದ್ರ ಬಾಯಿ ಮುಚ್ಚಿಕೊಂಡ ಚಿತ್ರದಂತಾಯಿತು. ಅವಳ ಕುರ್ಚಿಯನ್ನು ಸಮುದ್ರಕ್ಕೆ ಬೆನ್ನಾಗಿ ಇಟ್ಟ, ತನ್ನದನ್ನು ಅವಳ ಎದುರಿಗೆ ಇಟ್ಟ. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ.

ಕುಳಿತ ಮೇಲೆ ಅವನಿಗೆ ಒಂದು ತಿಳಿಯಿತು. ಅವಳ ಮುಖ ಕಾಣುತ್ತಿದೆ. ಅವಳ ಹಿಂದೆ, ತಲೆಯ ಎರಡೂ ಕಡೆ, ಇಡೀ ಸಮುದ್ರ ಕಾಣುತ್ತಿದೆ. ಸಂಜೆಯ ಬೆಳಕು ನೀರಿನಿಂದ ಎದ್ದು ಬಂದು ಅವಳ ನೆರೆತ ಕೂದಲಿನ ಅಂಚಿಗೆ ಹತ್ತಿದೆ. ಪೇಟೆಯಲ್ಲಿ ದಿನಗಟ್ಟಲೆ ಕುಳಿತು ಹುಡುಕಿದ ಯಾವ ಚಿತ್ರದಲ್ಲೂ ಈ ನೋಟ ಇರಲಿಲ್ಲ. ಹೇಗೆ ಇದ್ದೀತು? ಆ ಕೋಣೆಗಳೆಲ್ಲ ಖಾಲಿ ಇದ್ದವು.

ಅವನು ಕೂಗಲಿಲ್ಲ. ತುಟಿ ತಿಳಿಯುವ ಹಾಗೆ, ನಿಧಾನವಾಗಿ ಕೇಳಿದ. "ನನ್ನ ಜೋಡಿ ಬಾಳೇವು ಮಾಡಿ ನೀ ಸುಖಾ ಆದೇನು?"

ಮಹಾನಂದಾ ಅವನ ಮುಖ ನೋಡಿದಳು. ಈ ಸಲ 'ಹೂಂ' ಅನ್ನಲಿಲ್ಲ.

"ಅಮಾಸಿ ದಿನ ಆಗ್ತಿದ್ದೆ," ಅಂದಳು.

"ಏನು?"

"ಅಮಾಸಿಗಿ ಮಿಲ್ಲು ಬಂದ್ ಇರ್ತಿತ್ತಲ್ರಿ. ಆ ದಿನ ನೀವು ಅಡಗಿ ಮನ್ಯಾಗ ಬಂದು ಮಣಿ ಮ್ಯಾಲ ಕುಂತು, ಕೊಬ್ಬರಿ ಹೆರದು ಕೊಡ್ತಿದ್ರಿ. ಕಡಬು ಮಾಡ್ತಿದ್ದೆ. ಏನೇನೋ ಮಾತಾಡ್ತಿದ್ರಿ. ನಿಮ್ಮ ಅವ್ವನ ಮಾತು, ಸಾಲಿ ಮಾತು, ಸಮುದ್ರದ ಕನಸು. ಆ ದಿನ ನಾ ಭಾಳ ಸುಖಾ ಇರ್ತಿದ್ದೆ. ಉಳದ ದಿನ ಮುಂದಿನ ಅಮಾಸಿ ದಾರಿ ಕಾಯ್ತಿದ್ದೆ."

ಗುರುಪಾದಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವಳು ಮೆಲ್ಲಗೆ ಆ ಕೈಗಳನ್ನು ಸರಿಸಿದಳು. "ಬಾಯಿ ಮುಚ್ಕೋಬ್ಯಾಡ್ರಿ," ಅಂದಳು, "ಏನರ ಅಂದ್ರ ನನಗ ತಿಳೀಬೇಕಲ್ಲ."

ಅವತ್ತು ಅವರು ಏನೇನು ಮಾತಾಡಿದರೋ ನಾನು ಹೇಳಲಾರೆ, ಅದು ಅವರಿಬ್ಬರದು. ಸಮುದ್ರ ಗಾಜಿನಾಚೆ ಬಣ್ಣ ಬದಲಿಸುತ್ತಾ ಬದಲಿಸುತ್ತಾ ಕಪ್ಪಾಯಿತು. ಇಬ್ಬರೂ ಅದನ್ನು ಗಮನಿಸಲಿಲ್ಲ. ಮಾರನೆಯ ದಿನ ಇಬ್ಬರೂ ನೀರಿಗಿಳಿದರು. ಅಲೆ ಬಂದು ಕಾಲಿನ ಕೆಳಗಿನ ಮರಳನ್ನು ಎಳೆದುಕೊಂಡು ಹೋದಾಗ ಮಹಾನಂದಾ ಚಿಕ್ಕ ಹುಡುಗಿಯ ಹಾಗೆ ನಕ್ಕು, "ಸಪ್ಪಳ ಕಾಲಾಗ ಕೇಳ್ತದ್ರಿ!" ಅಂದಳು.

ಊರಿಗೆ ಬಂದ ಮೇಲೆ ಗುರುಪಾದಪ್ಪ ಅವಳನ್ನು ಕಿವಿಯ ಡಾಕ್ಟರ ಹತ್ತಿರ ಕರೆದೊಯ್ದ. ಡಾಕ್ಟರು ಯಂತ್ರ ಕೊಟ್ಟರು. ಹೋದದ್ದೆಲ್ಲ ಬರಲಿಲ್ಲ, ಸ್ವಲ್ಪ ಬಂತು. ಮಿಲ್ಲಿನ ಗೋಡೆಯ ಪಕ್ಕದ ಮನೆ ಬಿಟ್ಟು ಊರಿನ ಆಚೆ ಬದಿಗೆ ಮನೆ ಮಾಡಿದರು. ಅಲ್ಲಿ ಗುರುಪಾದಪ್ಪ ಮೆತ್ತಗೆ ಮಾತಾಡುವುದನ್ನು ಕಲಿತ. ಸುಲಭವಾಗಿರಲಿಲ್ಲ. ಮರೆತು ಕೂಗುತ್ತಿದ್ದ, ಮರೆತು ಬೆನ್ನು ತಿರುಗಿಸಿ ಮಾತಾಡುತ್ತಿದ್ದ. ಆಗ ಅವಳು 'ಹೂಂ' ಅನ್ನುವುದನ್ನು ಬಿಟ್ಟಿದ್ದಳು. "ಇತ್ತ ಹೊಳ್ರಿ," ಅನ್ನುತ್ತಿದ್ದಳು. ಅವನು ಹೊರಳುತ್ತಿದ್ದ.

ಕಥೆ ಇಷ್ಟೇ. ಇನ್ನು ನಿಮ್ಮ ಕಡೆಗೆ ಬರುತ್ತೇನೆ. ಯಾಕೆ, ನಿಮ್ಮನ್ನು ಬಿಡುತ್ತೇನೆ ಅಂದುಕೊಂಡಿರಾ?

ನೀವು ಹೇಳುತ್ತೀರಿ, ಬುದ್ಧಿಯವರೇ, ನಮ್ಮ ಮನೆಯಲ್ಲಿ ಯಾರಿಗೂ ಕಿವುಡಿಲ್ಲ. ಹೌದೇ? ಅಪ್ಪ ಟಿ.ವಿ. ದೊಡ್ಡದು ಮಾಡಿದಾಗ ಬೈದವರು ಯಾರು? ಅತ್ತೆ ಒಂದು ಕೇಳಿದರೆ ಇನ್ನೊಂದು ಹೇಳುತ್ತಾಳೆ ಅಂತ ಮಕ್ಕಳೆಲ್ಲ ಸೇರಿ ನಕ್ಕದ್ದು ಯಾವ ಮನೆಯಲ್ಲಿ? ಅವರು ಯಾಕೆ ಮದುವೆ ಮನೆಯಲ್ಲಿ ಮೂಲೆ ಹಿಡಿದು ಕೂರುತ್ತಾರೆ, ಯಾಕೆ ಎಲ್ಲದಕ್ಕೂ ತಲೆಯಾಡಿಸುತ್ತಾರೆ ಅಂತ ಒಮ್ಮೆಯಾದರೂ ಯೋಚಿಸಿದಿರಾ? ಕಣ್ಣು ಮಂದವಾದರೆ ಕನ್ನಡಕ ಹಾಕಿಸುತ್ತೀರಿ, ಕಿವಿ ಮಂದವಾದರೆ ನಗುತ್ತೀರಿ. ಈ ವಾರವೇ ಕರೆದುಕೊಂಡು ಹೋಗಿ ತೋರಿಸಿ. ಇದು ನನ್ನ ಮೊದಲನೆಯ ಮಾತು.

ಆದರೆ ಕಿವಿಯ ಕಿವುಡಿಗೆ ಡಾಕ್ಟರಿದ್ದಾರೆ. ಇನ್ನೊಂದು ಕಿವುಡಿದೆ, ಅದು ನನಗೂ ಇದೆ, ನಿಮಗೂ ಇದೆ. ಹೆಂಡತಿ ಏನೋ ಹೇಳುತ್ತಿದ್ದಾಳೆ, ನಿನ್ನ ಕಣ್ಣು ಮೊಬೈಲಿನಲ್ಲಿ. ಹೂಂ ಅಂತೀಯ. ಮಗಳು ಶಾಲೆಯಿಂದ ಬಂದು ಅತ್ತುಕೊಂಡು ಏನೋ ಹೇಳುತ್ತಾಳೆ, ತಾಯಿ ಒಗ್ಗರಣೆ ಹಾಕುತ್ತಾ ಬೆನ್ನು ತೋರಿಸಿ ಹೂಂ ಅಂತಾಳೆ. ಒಂದೇ ಮನೆ, ನಾಲ್ಕು ಜನ, ನಾಲ್ಕೂ ಜನ ಒಂದೊಂದು ಪರದೆಯ ಬೆಳಕಿನ ಕಡೆ ಮುಖ. ಇಡೀ ಊರಿನಲ್ಲಿ ಎಷ್ಟು ಹೂಂ ಹಾರಾಡುತ್ತಿವೆ! ಒಂದಕ್ಕೂ ಅರ್ಥವಿಲ್ಲ.

ಸುಂದರವಾದದ್ದನ್ನು ನೋಡಬೇಡಿ ಅಂತ ನಾನು ಹೇಳುವುದಿಲ್ಲ. ಹೋಗಿ, ಸಮುದ್ರ ನೋಡಿ, ದ್ವೀಪ ನೋಡಿ, ಒಳ್ಳೆಯ ಕೋಣೆಯನ್ನೇ ಹಿಡಿಯಿರಿ. ಆದರೆ ಕೋಣೆ ಆರಿಸುವ ಮುಂಚೆ ಜೊತೆಗೆ ಬರುವವರ ಎದುರಿಗೆ ಕುಳಿತು, ನಿನಗೇನು ಬೇಕು ಅಂತ ಕೇಳಿ. ಬಾಗಿಲಲ್ಲಿ ನಿಂತು ಕೂಗಬೇಡಿ. ಅವರು ಹೂಂ ಅಂದರೆ ಒಪ್ಪಬೇಡಿ, ಇನ್ನೊಂದು ಸಲ ಕೇಳಿ.

ದ್ವೀಪಕ್ಕೆ ಹೋಗಲು ಎಲ್ಲರಿಗೂ ಆಗಲಿಕ್ಕಿಲ್ಲ. ಬೇಡ ಬಿಡಿ. ಇವತ್ತು ಇಲ್ಲಿಂದ ಎದ್ದು ನೇರ ಮನೆಗೆ ಹೋಗಿ. ಟಿ.ವಿ. ಆರಿಸಿ. ಮೊಬೈಲು ಮಾಡದಲ್ಲಿ ಇಡಿ. ಕುರ್ಚಿಯೋ, ಚಾಪೆಯೋ, ಮಣೆಯೋ, ಏನಿದೆಯೋ ಅದನ್ನು ತಂದು ನಿಮ್ಮವರ ಎದುರಿಗೆ ಹಾಕಿ ಕುಳಿತುಕೊಳ್ಳಿ. ಗಂಡನಾದರೆ ಹೆಂಡತಿಯ ಎದುರು, ಮಗನಾದರೆ ತಾಯಿಯ ಎದುರು, ಅತ್ತೆಯಾದರೆ ಸೊಸೆಯ ಎದುರು. ಹೌದು ತಾಯಿ, ನಿಮಗೂ ಹೇಳುತ್ತಿದ್ದೇನೆ, ಸೊಸೆಯ ಎದುರು. ಕುಳಿತು ಒಂದೇ ಒಂದು ಮಾತು ಕೇಳಿ: ನನ್ನ ಜೊತೆ ನೀನು ಸುಖವಾಗಿದ್ದೀಯಾ?

ಮೊದಲು ನಗುತ್ತಾರೆ. ಇವತ್ತೇನಾಗಿದೆ ನಿಮಗೆ ಅಂತಾರೆ. ಎದ್ದು ಹೋಗಲೂ ನೋಡುತ್ತಾರೆ. ಕೂರಿಸಿಕೊಳ್ಳಿ. ಉತ್ತರ ಸಿಹಿಯಾಗಿಯೇ ಇರುತ್ತದೆ ಅಂತ ನಾನು ಮಾತು ಕೊಡಲಾರೆ. ಕಹಿಯಾಗಿದ್ದರೂ ಮುಖ ತಿರುಗಿಸಬೇಡಿ, ನಡುವೆ ಬಾಯಿ ಹಾಕಬೇಡಿ. ಅವರು ಹೇಳಿ ಮುಗಿಸುವತನಕ ಅವರನ್ನೇ ನೋಡುತ್ತಾ ಕುಳಿತಿರಿ.

ಏಳಿ ಈಗ. ಅಡುಗೆ ಆರಿಹೋದರೆ ಹೋಗಲಿ.